ಎಂಜಿನಿನ ಬಡಿತ: ಮೊದಲು ಕಿವಿ, ಅನಂತರ ಕಿಸೆ

ದೋಸೆಯ ಕಾವಲಿ ಹದವಾಗಿ ಕಾದಿದೆಯೇ ಎಂಬುದನ್ನು ಅರಿಯಲು ನಮ್ಮ ಅಡುಗೆಯ ಭಟ್ಟರು ಉಷ್ಣಮಾಪಕವನ್ನು ಹುಡುಕುವುದಿಲ್ಲ. ನಾಲ್ಕು ಹನಿ ನೀರು ಚಿಮುಕಿಸಿ, ಅದು ‘ಚುಂಯ್’ ಎನ್ನುವ ರೀತಿಯನ್ನು ಕೇಳಿಯೇ ತಿಳಿದುಕೊಳ್ಳುತ್ತಾರೆ. ಅರೆಯುವ ಯಂತ್ರದಲ್ಲಿ ಹಿಟ್ಟು ಗಟ್ಟಿಯಾಗಿ ಕಲ್ಲು ತಡವರಿಸತೊಡಗಿದರೆ, ಮಾಳಿಗೆಯ ಮೇಲಿರುವ ಹುಡುಗನೂ ಸದ್ದಿನಿಂದಲೇ ಅದನ್ನು ಗುರುತಿಸಿ ನೀರು ಹಿಡಿದುಕೊಂಡು ಓಡಿ ಬರುತ್ತಾನೆ. ಸದ್ದನ್ನು ಕೇಳಿ ಯಂತ್ರದ ಕ್ಷೇಮವನ್ನರಿಯುವ ವಿದ್ಯೆ ನಮ್ಮವರಿಗೆ ಹೊಸದೇನೂ ಅಲ್ಲ. ಆದರೆ ಇದೇ ನಮ್ಮವರು, ತಾವು ಸಾಲ ಮಾಡಿ ಕೊಂಡ ಮೋಟಾರು ಕಾರಿನ ಬಾನೆಟ್ಟಿನೊಳಗಿಂದ ‘ಟಕ್ ಟಕ್’ ಎಂಬ ಬಡಿತ ಕೇಳಿಬಂದೊಡನೆ ಧೈರ್ಯಗುಂದುತ್ತಾರೆ. ಕಿವಿಯನ್ನು ಮುಚ್ಚಿಕೊಂಡು ಕಿಸೆಯನ್ನು ತೆರೆಯುತ್ತಾರೆ.

ಕಾರು ಧನಿಕರ ಸೊತ್ತಾಗಿದ್ದ ಕಾಲ ಹಿಂದೆ ಸರಿದಿದೆ. ಇಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಬಾಂಧವರಲ್ಲಿ ಅನೇಕರಿಗೆ ವಾಹನವೇ ಅನ್ನದ ಆಸರೆ. ಒಬ್ಬನು ಹೋಟೆಲಿನ ಕೆಲಸ ಬಿಟ್ಟು ಟೂರಿಸ್ಟ್ ಟ್ಯಾಕ್ಸಿ ಓಡಿಸುತ್ತಾನೆ. ಇನ್ನೊಬ್ಬನು ಕಚೇರಿಗಳಿಗೆ ಇಡ್ಲಿ ವಡೆಗಳನ್ನು ವ್ಯಾನಿನಲ್ಲಿ ಒಯ್ಯುತ್ತಾನೆ. ಮತ್ತೊಬ್ಬ ಗುಮಾಸ್ತನು ವರ್ಷಗಟ್ಟಲೆ ಕೂಡಿಟ್ಟ ಹಣದಿಂದ ಒಂದು ಹಳೆಯ ಕಾರು ಕೊಂಡು ರಜೆಯಲ್ಲಿ ಮಕ್ಕಳೊಡನೆ ಊರಿಗೆ ಹೋಗಬೇಕೆಂದು ಆಸೆಪಡುತ್ತಾನೆ. ಇಂತಹವರಿಗೆ ಗ್ಯಾರೇಜಿನಲ್ಲಿ “ಎಂಜಿನ್ ಇಳಿಸಬೇಕು” ಎಂಬ ಒಂದೇ ಮಾತು ಬ್ಯಾಂಕಿನ ಕೆಲವು ಕಂತುಗಳಷ್ಟು ಭಾರವಾದುದು. ಆ ಮಾತು ಕೆಲವೊಮ್ಮೆ ಸತ್ಯವಾಗಿರುತ್ತದೆ. ಎಷ್ಟೋ ವೇಳೆ ಅವಸರದ್ದಾಗಿರುತ್ತದೆ. ಯಾವಾಗ ಸತ್ಯ, ಯಾವಾಗ ಅವಸರ ಎಂಬುದನ್ನು ವಾಹನದ ಒಡೆಯನು ತಾನೇ ಬಹುಮಟ್ಟಿಗೆ ಊಹಿಸಿಕೊಳ್ಳಬಹುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಕುರ್ಲಾದಿಂದ ಕಲ್ಯಾಣದವರೆಗೆ

ನಮ್ಮ ಈ ಭಾಗಕ್ಕೂ ಭಾರತದ ಮೋಟಾರು ಉದ್ಯಮಕ್ಕೂ, ಆ ಉದ್ಯಮಕ್ಕೂ ಕನ್ನಡಿಗರಿಗೂ ಹಳೆಯ ನಂಟಿದೆ. ದೇಶದಲ್ಲಿಯೇ ಮೋಟಾರು ಕಾರುಗಳನ್ನು ನಿರ್ಮಿಸಬೇಕೆಂದು ೧೯೩೦ರ ದಶಕದಲ್ಲಿ ಯೋಜನೆಯನ್ನು ಸಿದ್ಧಪಡಿಸಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಅಗ್ರಗಣ್ಯರು. ಅಂದಿನ ಆಂಗ್ಲ ಸರಕಾರವು ಅದಕ್ಕೆ ನೆರವಾಗಲಿಲ್ಲ. ಆ ಕನಸನ್ನು ಕೈಬಿಡದ ಉದ್ಯಮಿ ವಾಲಚಂದ ಹೀರಾಚಂದರು ೧೯೪೪ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿ, ಮುಂಬಯಿಯ ಕುರ್ಲಾದಲ್ಲಿ ಕಾರ್ಖಾನೆ ಕಟ್ಟಿದರು. ಅಲ್ಲಿಂದ ಹೊರಬಂದ ಫಿಯೆಟ್ ಕಾರೇ ಮುಂದೆ ‘ಪ್ರೀಮಿಯರ್ ಪದ್ಮಿನಿ’ ಎಂಬ ಹೆಸರು ಪಡೆದು, ಕಪ್ಪು ಹಳದಿ ಬಣ್ಣದ ಟ್ಯಾಕ್ಸಿಯಾಗಿ ಮುಂಬಯಿಯ ಗುರುತೇ ಆಗಿಬಿಟ್ಟಿತು. ೧೯೯೦ರ ದಶಕದಲ್ಲಿ ಇದೇ ಸಂಸ್ಥೆಯು ಫ್ರಾನ್ಸಿನ ಪ್ಯೂಜೋ ಕಂಪೆನಿಯೊಡನೆ ಸೇರಿ ಕಲ್ಯಾಣದ ಕಾರ್ಖಾನೆಯಲ್ಲಿ ಪ್ಯೂಜೋ ೩೦೯ ಕಾರುಗಳನ್ನು ತಯಾರಿಸಿತು. ಆ ಉದ್ಯಮ ಬಹುಕಾಲ ಬಾಳಲಿಲ್ಲ. ಕೊನೆಯ ಪದ್ಮಿನಿ ಟ್ಯಾಕ್ಸಿಗಳೂ ೨೦೨೩ರ ಅಕ್ಟೋಬರ್ ಅಂತ್ಯಕ್ಕೆ ಮುಂಬಯಿಯ ಬೀದಿಗಳಿಂದ ನಿವೃತ್ತಿ ಹೊಂದಿದವು.

ಆದರೆ ಆ ಟ್ಯಾಕ್ಸಿಗಳು ಒಂದು ವಿದ್ಯೆಯನ್ನು ಬಿಟ್ಟುಹೋಗಿವೆ. ಪದ್ಮಿನಿಯ ಒಂದು ಲೀಟರಿಗಿಂತ ಸ್ವಲ್ಪ ದೊಡ್ಡದಾದ ನಾಲ್ಕು ಸಿಲಿಂಡರುಗಳ ಎಂಜಿನನ್ನು ಬೀದಿ ಬದಿಯಲ್ಲಿಯೇ ಬಿಚ್ಚಿ ಜೋಡಿಸುತ್ತಿದ್ದ ಮಿಸ್ತ್ರಿಗಳು ಕಂಪ್ಯೂಟರನ್ನು ಕಂಡವರಲ್ಲ. ಅವರಿಗೆ ಕಿವಿಯೇ ಉಪಕರಣ. ಎಂಜಿನ್ ಎಂತಹ ಹೊಸದಾದರೂ ಅದರೊಳಗಿನ ಪಿಸ್ಟನ್, ವಾಲ್ವು, ಬೇರಿಂಗುಗಳು ಇಂದಿಗೂ ಅವೇ. ಆದುದರಿಂದ ಆ ಕಿವಿಯ ವಿದ್ಯೆ ಇಂದಿಗೂ ಸಲ್ಲುತ್ತದೆ.

ಸದ್ದಿಗೂ ಒಂದು ವೇಳೆಯುಂಟು

ರೋಗಿಯನ್ನು ಕಂಡ ವೈದ್ಯನು “ನೋವು ಎಲ್ಲಿ?” ಎಂದು ಕೇಳಿದ ಮರುಕ್ಷಣವೇ “ಯಾವಾಗ?” ಎಂದು ಕೇಳುತ್ತಾನೆ. ಎಂಜಿನಿನ ವಿಷಯದಲ್ಲಿಯೂ ‘ಯಾವಾಗ’ ಎಂಬ ಪ್ರಶ್ನೆಯೇ ದೊಡ್ಡದು. ಬೆಳಿಗ್ಗೆ ತಣ್ಣಗಿರುವಾಗ ಬಂದು, ಬಿಸಿಯಾದಂತೆ ಮಾಯವಾಗುತ್ತದೆಯೇ? ಬಿಸಿಯಾದ ಮೇಲೆಯೇ ಆರಂಭವಾಗುತ್ತದೆಯೇ? ಗಾಡಿ ನಿಂತಿರುವಾಗಲೂ ಇದೆಯೇ, ಏರು ಹತ್ತುವಾಗ ಮಾತ್ರವೇ? ಎಕ್ಸಿಲೇಟರ್ ಒತ್ತಿದಾಗ ಹೆಚ್ಚುತ್ತದೆಯೇ, ಬಿಟ್ಟೊಡನೆ ಹೆಚ್ಚುತ್ತದೆಯೇ? ಸಿ.ಎನ್.ಜಿ. ಇರುವ ಗಾಡಿಯಾದರೆ ಗ್ಯಾಸಿನಲ್ಲಿಯೂ ಪೆಟ್ರೋಲಿನಲ್ಲಿಯೂ ಒಂದೇ ಸಮನಾಗಿದೆಯೇ? ಈ ಐದು ಪ್ರಶ್ನೆಗಳಿಗೆ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಗ್ಯಾರೇಜಿಗೆ ಹೋಗುವವನಿಗೂ, “ಏನೋ ಸದ್ದು ಬರುತ್ತಿದೆ, ನೋಡಿ” ಎಂದು ಕೀಲಿಕೈಯನ್ನು ಕೊಟ್ಟು ಬರುವವನಿಗೂ ಬಿಲ್ಲಿನಲ್ಲಿ ಬಹಳ ಅಂತರವಿರುತ್ತದೆ.

ಸದ್ದು ಏಕೆ ಬಗೆಬಗೆಯಾಗಿರುತ್ತದೆಂಬುದಕ್ಕೆ ಸ್ವಲ್ಪ ಲೆಕ್ಕ ನೋಡಬಹುದು. ಎಂಜಿನ್ ನಿಮಿಷಕ್ಕೆ ೩,೦೦೦ ಸುತ್ತು ತಿರುಗುತ್ತಿರುವಾಗ ಕ್ರ್ಯಾಂಕ್‌ಶಾಫ್ಟ್ ಸೆಕೆಂಡಿಗೆ ೫೦ ಸಲ ತಿರುಗುತ್ತದೆ. ಪ್ರತಿಯೊಂದು ಪಿಸ್ಟನ್ ೫೦ ಸಲ ಮೇಲೇರಿ ಕೆಳಗಿಳಿಯುತ್ತದೆ. ವಾಲ್ವುಗಳಾದರೋ ಅದರ ಅರ್ಧದಷ್ಟು, ಎಂದರೆ ಸೆಕೆಂಡಿಗೆ ೨೫ ಸಲ ತೆರೆದು ಮುಚ್ಚುತ್ತವೆ. ಆದುದರಿಂದಲೇ ವಾಲ್ವುಗಳ ಸದ್ದು ಎಂಜಿನಿನ ವೇಗಕ್ಕಿಂತ ನಿಧಾನವಾಗಿ, ಹೊಲಿಗೆ ಯಂತ್ರದಂತೆ ‘ಟಿಕ್ ಟಿಕ್’ ಎಂದು ಮೇಲಿನಿಂದ ಕೇಳಿಸುತ್ತದೆ. ಬೇರಿಂಗಿನ ಸದ್ದು ತಳದಿಂದ, ಬಾಗಿಲನ್ನು ಮುಷ್ಟಿಯಿಂದ ಗುದ್ದಿದಂತೆ ‘ಡಬ್ ಡಬ್’ ಎಂದು ಬರುತ್ತದೆ.

ಉರಿಯುವುದು ಬೇರೆ, ಸಿಡಿಯುವುದು ಬೇರೆ

ಎಲ್ಲಕ್ಕಿಂತ ಸಾಮಾನ್ಯವಾದ ಬಡಿತ ಇಂಧನದ ಬಡಿತ. ಅಡುಗೆಮನೆಯಲ್ಲಿ ಗ್ಯಾಸಿನ ಒಲೆಯನ್ನು ತೆರೆದೊಡನೆ ಕಡ್ಡಿ ಗೀರಿದರೆ ಜ್ವಾಲೆ ಶಾಂತವಾಗಿ ಹರಡುತ್ತದೆ. ಕಡ್ಡಿ ಗೀರುವುದು ತಡವಾಗಿ ಅನಿಲ ತುಂಬಿಕೊಂಡಿದ್ದರೆ ಒಮ್ಮೆಗೇ ‘ಢಬ್’ ಎಂದು ಸಿಡಿಯುತ್ತದೆ. ಸಿಲಿಂಡರಿನೊಳಗೂ ಹೋಲುವಂತಹ ಅನರ್ಥವೇ ನಡೆಯುತ್ತದೆ. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆಯು ಒಂದು ಬದಿಯಿಂದ ಇನ್ನೊಂದು ಬದಿಗೆ ಕ್ರಮವಾಗಿ ಹರಡಬೇಕು. ಒತ್ತಡವೂ ಉಷ್ಣವೂ ಮಿತಿಮೀರಿದರೆ, ಜ್ವಾಲೆ ತಲಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣವು ತಾನಾಗಿ ಸಿಡಿದು, ಡಬ್ಬಿಯಲ್ಲಿ ಗೋಲಿಗಳನ್ನು ಅಲುಗಿಸಿದಂತೆ ‘ಕಿಣಿಕಿಣಿ’ ಸದ್ದು ಮಾಡುತ್ತದೆ. ಮುಂಬ್ರಾ ಬೈಪಾಸಿನ ಏರಿನಲ್ಲಿ ಮೇಲಿನ ಗೇರಿನಲ್ಲಿಯೇ ಎಕ್ಸಿಲೇಟರನ್ನು ಅದುಮಿದಾಗ ಕೇಳಿಬರುವ ಸದ್ದು ಸಾಮಾನ್ಯವಾಗಿ ಇದೇ.

ಇದರ ಗುಟ್ಟನ್ನು ಬಿಡಿಸಲು ವಿಜ್ಞಾನಿಗಳು ವರ್ಷಗಟ್ಟಲೆ ಶ್ರಮಿಸಿದರು. ಅಮೆರಿಕೆಯಲ್ಲಿ ಚಾರ್ಲ್ಸ್ ಕೆಟರಿಂಗರ ಕೈಕೆಳಗೆ ದುಡಿಯುತ್ತಿದ್ದ ಥಾಮಸ್ ಮಿಜ್ಲಿಯವರು, ಸೀಸದ ಒಂದು ಸಂಯುಕ್ತವನ್ನು ಪೆಟ್ರೋಲಿಗೆ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೆ ಬಡಿತ ನಿಲ್ಲುತ್ತದೆಂದು ೧೯೨೧ರಲ್ಲಿ ಕಂಡುಹಿಡಿದರು. ಎಂಜಿನಿಗೆ ಅಮೃತವಾದ ಆ ಸೀಸವು ಮನುಷ್ಯರಿಗೆ, ವಿಶೇಷವಾಗಿ ಎಳೆಯ ಮಕ್ಕಳಿಗೆ, ವಿಷವಾಯಿತು. ಭಾರತದಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟವು ೨೦೦೦ದ ಫೆಬ್ರವರಿ ೧ರಿಂದ ನಿಂತುಹೋಯಿತು. ಇಂದು ಬಡಿತವನ್ನು ತಡೆಯುವ ಶಕ್ತಿಯನ್ನು ‘ಆಕ್ಟೇನ್’ ಅಂಕದಿಂದ ಅಳೆಯುತ್ತಾರೆ. ಸುಲಭವಾಗಿ ಬಡಿಯದ ಐಸೋ ಆಕ್ಟೇನ್ ಎಂಬ ದ್ರವಕ್ಕೆ ೧೦೦, ಬೇಗನೆ ಬಡಿಯುವ ಹೆಪ್ಟೇನ್ ದ್ರವಕ್ಕೆ ಸೊನ್ನೆ. ೯೧ ಆಕ್ಟೇನ್ ಪೆಟ್ರೋಲೆಂದರೆ, ೯೧ ಪಾಲು ಐಸೋ ಆಕ್ಟೇನ್ ಮತ್ತು ೯ ಪಾಲು ಹೆಪ್ಟೇನ್ ಬೆರೆಸಿದ ಮಿಶ್ರಣದಂತೆ ಅದು ಎಂಜಿನಿನಲ್ಲಿ ವರ್ತಿಸುತ್ತದೆಂದು ಅರ್ಥ.

ಇತ್ತೀಚೆಗೆ ಪೆಟ್ರೋಲಿನಲ್ಲಿ ನೂರಕ್ಕೆ ೨೦ರಷ್ಟು ಎಥನಾಲ್ ಬೆರೆತಿರುವುದರಿಂದಲೇ ಎಂಜಿನ್ ಬಡಿಯುತ್ತದೆಂದು ಹಲವರು ದೂರುತ್ತಾರೆ. ಎಥನಾಲಿನ ಆಕ್ಟೇನ್ ಅಂಕ ಪೆಟ್ರೋಲಿನದಕ್ಕಿಂತ ಹೆಚ್ಚು. ಆದುದರಿಂದ ಅದು ಈ ಕಿಣಿಕಿಣಿಯನ್ನು ತಗ್ಗಿಸತಕ್ಕದ್ದೇ ಹೊರತು ಹೆಚ್ಚಿಸತಕ್ಕದ್ದಲ್ಲ. ಅದರಿಂದ ಮೈಲೇಜು ಸ್ವಲ್ಪ ಇಳಿಯುವುದು ನಿಜ; ಹಳೆಯ ಗಾಡಿಗಳ ರಬ್ಬರಿನ ಕೊಳವೆಗಳ ಮೇಲೆ ನಿಗಾ ಇಡಬೇಕಾದುದೂ ನಿಜ. ಆದರೆ ಪೆಟ್ರೋಲಿನಲ್ಲಿ ಸೀಮೆಎಣ್ಣೆ ಬೆರೆತಿದ್ದರೆ ಮಾತ್ರ ಆಕ್ಟೇನ್ ಕುಸಿದು ಬಡಿತ ಏಳುತ್ತದೆ. ಪೆಟ್ರೋಲ್ ತುಂಬಿಸಿದ ದಿನದಿಂದಲೇ ಸದ್ದು ಆರಂಭವಾಗಿದ್ದರೆ, ಎಂಜಿನನ್ನು ಸಂಶಯಿಸುವ ಮೊದಲು ಬಂಕನ್ನು ಬದಲಾಯಿಸಿ ನೋಡಬೇಕು.

ಇಲ್ಲಿ ನಮ್ಮ ಭಾಗದ ಚಾಲಕರಿಗೆ ಒಂದು ಸುಲಭವಾದ ಪರೀಕ್ಷೆಯಿದೆ. ಸಿ.ಎನ್.ಜಿ.ಯ ಆಕ್ಟೇನ್ ಅಂಕ ಪೆಟ್ರೋಲಿನದಕ್ಕಿಂತ ಬಹಳ ಹೆಚ್ಚು. ಅದು ಸಾಮಾನ್ಯವಾಗಿ ಹೀಗೆ ಸಿಡಿಯುವುದಿಲ್ಲ. ಆದುದರಿಂದ ಅದೇ ಏರನ್ನು ಒಮ್ಮೆ ಪೆಟ್ರೋಲಿನಲ್ಲಿಯೂ ಒಮ್ಮೆ ಗ್ಯಾಸಿನಲ್ಲಿಯೂ ಹತ್ತಿ ನೋಡಿ. ಗ್ಯಾಸಿನಲ್ಲಿ ಸದ್ದು ಅಡಗಿದರೆ ದೋಷವು ಇಂಧನ, ಕಿಡಿಯ ವೇಳೆ, ಕಾರ್ಬನ್ನಿನ ಮಸಿ ಅಥವಾ ಅತಿಯಾದ ಶಾಖದಲ್ಲಿದೆ. ಎರಡರಲ್ಲಿಯೂ ಒಂದೇ ಸಮನಾಗಿದ್ದರೆ ಲೋಹವು ಲೋಹಕ್ಕೆ ತಾಗುತ್ತಿದೆ. ಕಾಸು ಖರ್ಚಿಲ್ಲದ ಈ ಪರೀಕ್ಷೆ ರೋಗವನ್ನು ಎರಡು ಭಾಗ ಮಾಡಿಬಿಡುತ್ತದೆ.

ಇಂಧನದ ಬಡಿತಕ್ಕೆ ಚಿಕಿತ್ಸೆಯೂ ಸರಳ. ಏರಿನಲ್ಲಿ ಕೆಳಗಿನ ಗೇರಿಗೆ ಇಳಿಯಿರಿ. ರೇಡಿಯೇಟರಿನ ನೀರನ್ನೂ ಕೂಲಂಟನ್ನೂ ಪರೀಕ್ಷಿಸಿರಿ, ಆದರೆ ಬಿಸಿಯಿರುವಾಗ ಮುಚ್ಚಳವನ್ನು ತೆರೆಯಲೇಬಾರದು. ಸ್ಪಾರ್ಕ್ ಪ್ಲಗ್ಗುಗಳು ಆ ಎಂಜಿನಿಗೆ ಹೇಳಿದವೇ ಎಂದು ನೋಡಿಸಿರಿ. ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರನ್ನು ಅಲ್ಪ ತಿರುಗಿಸಿ ಕಿಡಿಯನ್ನು ತುಸು ತಡಮಾಡಿದರೆ ಸಾಕು. ಹೊಸ ಗಾಡಿಗಳಲ್ಲಿ ಈ ಬಡಿತವನ್ನು ಕೇಳುವ ಕಿವಿಯನ್ನೇ ಎಂಜಿನಿಗೆ ಅಂಟಿಸಿರುತ್ತಾರೆ. ‘ನಾಕ್ ಸೆನ್ಸರ್’ ಎಂಬ ಆ ಸಾಧನವು ಬಡಿತವನ್ನು ಗ್ರಹಿಸಿ ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರು ಕಿಡಿಯ ವೇಳೆಯನ್ನು ತಾನೇ ಸರಿಪಡಿಸುತ್ತದೆ. ಅಂತಹ ಗಾಡಿಯಲ್ಲಿ ಪುನಃಪುನಃ ಈ ಸದ್ದು ಬರುತ್ತಿದ್ದರೆ ಕಂಪ್ಯೂಟರಿನಲ್ಲಿ ದಾಖಲಾದ ದೋಷಸಂಖ್ಯೆಯನ್ನು ಓದಿಸುವುದೇ ಮೊದಲ ಕೆಲಸ. ಸದ್ದು ಸಣ್ಣದೆಂದು ಇದನ್ನು ತಿಂಗಳುಗಟ್ಟಲೆ ಉಪೇಕ್ಷಿಸಿದರೆ ಪಿಸ್ಟನ್ನಿನ ತಲೆಯೇ ಕರಗಿ ತೂತಾಗಬಹುದು.

ಕೆಂಪು ದೀಪ ಉರಿದರೆ

ಇಂಧನದ ಬಡಿತವಲ್ಲವೆಂದಾದರೆ ಮುಂದಿನ ಹೆಜ್ಜೆ ಎಣ್ಣೆಯ ಕಡ್ಡಿಯನ್ನು ತೆಗೆದು ನೋಡುವುದು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕೆಲವು ನಿಮಿಷ ಬಿಟ್ಟು, ಕಡ್ಡಿಯನ್ನು ಒರೆಸಿ, ಮತ್ತೆ ತೂರಿಸಿ ಹೊರತೆಗೆಯಬೇಕು. ಎಣ್ಣೆಯ ಗುರುತು ಎರಡು ಗೀಟುಗಳ ನಡುವೆ ಇರತಕ್ಕದ್ದು. ಕ್ರ್ಯಾಂಕ್‌ಶಾಫ್ಟಿಗೂ ಅದರ ಬೇರಿಂಗಿಗೂ ನಡುವೆ ಇರುವ ಎಡೆ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ಆ ಎಡೆಯಲ್ಲಿ ಎಣ್ಣೆಯ ಪದರ ಒತ್ತಡದಿಂದ ನಿಂತಿರುವವರೆಗೆ ಲೋಹ ಲೋಹವನ್ನು ಮುಟ್ಟುವುದಿಲ್ಲ. ಒತ್ತಡ ಬಿದ್ದುಹೋದರೆ ಬೇರಿಂಗು ಸವೆದು, ಎಡೆ ಹಿಗ್ಗಿ, ಬಡಿತ ಹುಟ್ಟುತ್ತದೆ.

ಓದುಗರು ಉಳಿದುದೆಲ್ಲವನ್ನೂ ಮರೆತರೂ ಇದೊಂದನ್ನು ಮರೆಯಬಾರದು: ಬಡಿತದೊಡನೆ ಎಣ್ಣೆಯ ಕೆಂಪು ದೀಪವೂ ಉರಿದರೆ, ಅದೇ ಕ್ಷಣದಲ್ಲಿ ಗಾಡಿಯನ್ನು ಬದಿಗೆ ತೆಗೆದು ಎಂಜಿನನ್ನು ಆರಿಸಬೇಕು. “ಪನ್ವೇಲ್ ಇನ್ನು ನಾಲ್ಕೇ ಮೈಲು, ಪ್ರಯಾಣಿಕರನ್ನು ಇಳಿಸಿ ನೋಡೋಣ” ಎಂಬ ವಿಚಾರವೇ ಸಲ್ಲದು. ಆ ನಾಲ್ಕು ಮೈಲಿನಲ್ಲಿ ಬೇರಿಂಗು ಹಿಡಿದುಕೊಂಡು, ಕನೆಕ್ಟಿಂಗ್ ರಾಡು ಮುರಿದು, ಎಂಜಿನಿನ ಬ್ಲಾಕನ್ನೇ ಭೇದಿಸಿ ಹೊರಬರಬಹುದು. ಒಂದು ಬಾಡಿಗೆಯ ಹಣವನ್ನು ಉಳಿಸಹೋಗಿ ಒಂದು ಎಂಜಿನನ್ನೇ ಕಳೆದುಕೊಂಡವರು ನಮ್ಮಲ್ಲಿ ಇಲ್ಲದಿಲ್ಲ. ಟೋವಿಂಗ್ ಗಾಡಿಯ ಬಾಡಿಗೆ ಎಷ್ಟೇ ದುಬಾರಿಯೆನಿಸಿದರೂ ಎಂಜಿನಿಗಿಂತ ಅಗ್ಗ.

ಮೌನಿಯಾದ ವಾಲ್ವು ಮೋಸಗಾರ

ಎಣ್ಣೆ ಸರಿಯಾಗಿದ್ದು, ಎಂಜಿನಿನ ಮೇಲ್ಭಾಗದಿಂದ ಹಗುರವಾದ ‘ಟಿಕ್ ಟಿಕ್’ ಮಾತ್ರ ಕೇಳಿಸುತ್ತಿದ್ದರೆ ಅದು ಬಹುಶಃ ಟ್ಯಾಪೆಟ್ಟಿನ ಸದ್ದು. ವಾಲ್ವಿನ ತುದಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಕೂದಲೆಳೆಯಷ್ಟು ಎಡೆ ಇರಬೇಕು. ಅದು ಹೆಚ್ಚಾದರೆ ಬಡಿಯುತ್ತದೆ. ಫೀಲರ್ ಗೇಜ್ ಎಂಬ ತೆಳು ಉಕ್ಕಿನ ಪಟ್ಟಿಗಳನ್ನು ತೂರಿಸಿ, ತಯಾರಕರು ಹೇಳಿದ ಅಳತೆಗೆ ಹೊಂದಿಸುವುದು ಅನುಭವವುಳ್ಳ ಮಿಸ್ತ್ರಿಗೆ ಅರ್ಧ ದಿನದ ಕೆಲಸವೂ ಅಲ್ಲ. ಎಷ್ಟೋ ಹೊಸ ಎಂಜಿನುಗಳಲ್ಲಿ ಈ ಎಡೆಯನ್ನು ಎಣ್ಣೆಯ ಒತ್ತಡವೇ ಸರಿದೂಗಿಸುತ್ತದೆ. ಅವುಗಳಲ್ಲಿ ಈ ಸದ್ದು ಬಂದರೆ ಮೊದಲು ಎಣ್ಣೆಯನ್ನೂ ಅದರ ಫಿಲ್ಟರನ್ನೂ ಬದಲಾಯಿಸಿ ನೋಡುವುದು ಲೇಸು.

ಇಲ್ಲಿ ಒಂದು ವಿಚಿತ್ರವಿದೆ. ಎಡೆ ಹೆಚ್ಚಾದರೆ ಸದ್ದು ಬರುತ್ತದೆ. ಕಡಿಮೆಯಾದರೆ ಸದ್ದೇ ಇರುವುದಿಲ್ಲ. ಆದರೆ ಆಗ ವಾಲ್ವು ಪೂರ್ತಿಯಾಗಿ ಮುಚ್ಚಿಕೊಳ್ಳದೆ, ಬಿಸಿ ಅನಿಲ ಸೋರಿ, ಅದರ ಅಂಚು ಸುಟ್ಟುಹೋಗುತ್ತದೆ. ಸಿ.ಎನ್.ಜಿ.ಯಲ್ಲಿ ಹೆಚ್ಚು ಓಡುವ ಗಾಡಿಗಳಲ್ಲಿ ವಾಲ್ವು ಕೂರುವ ಪೀಠ ಸವೆದು, ಎಡೆ ತಾನಾಗಿಯೇ ಕಿರಿದಾಗುವ ಪ್ರವೃತ್ತಿಯಿದೆ. ಆದುದರಿಂದ “ನನ್ನ ಗಾಡಿ ಸದ್ದೇ ಮಾಡುವುದಿಲ್ಲ” ಎಂದು ಹೆಮ್ಮೆಪಡುವ ಗ್ಯಾಸಿನ ಗಾಡಿಯ ಚಾಲಕನೂ ಹೇಳಿದ ಅವಧಿಗೆ ಟ್ಯಾಪೆಟ್ಟನ್ನು ಅಳೆಸಿಕೊಳ್ಳಬೇಕು. ಅಲ್ಪ ಸದ್ದು ಮಾಡುವ ವಾಲ್ವು ಬಾಯಿಬಡುಕನಾದರೂ ಪ್ರಾಮಾಣಿಕ. ಮೌನಿಯಾದ ವಾಲ್ವು ಮೋಸಗಾರ.

ಆಳದ ಬಡಿತಗಳು

ಇನ್ನು ನಿಜವಾಗಿಯೂ ಎಂಜಿನ್ ಬಿಚ್ಚಬೇಕಾಗಿ ಬರುವ ಸದ್ದುಗಳು. ತಣ್ಣಗಿರುವಾಗ ಟೊಳ್ಳು ಡಬ್ಬಿ ಬಡಿದಂತಾಗಿ, ಬಿಸಿಯಾದಂತೆ ಅಡಗಿದರೆ ಅದು ಸವೆದ ಸಿಲಿಂಡರಿನಲ್ಲಿ ಪಿಸ್ಟನ್ ಅತ್ತಿತ್ತ ಹೊಡೆದುಕೊಳ್ಳುವ ಸದ್ದು. ಲೋಹ ಬಿಸಿಗೆ ಹಿಗ್ಗಿ ಎಡೆ ಮುಚ್ಚುವುದರಿಂದ ಸದ್ದು ನಿಲ್ಲುತ್ತದೆ. ಎಣ್ಣೆ ಸುಡದೆ, ಹೊಗೆ ಕಾರದೆ ಇದ್ದರೆ ಇಂತಹ ಗಾಡಿ ಇನ್ನೂ ಬಹುಕಾಲ ನಡೆಯಬಹುದು, ಆತುರಪಡಬೇಕಾಗಿಲ್ಲ. ಬಿಸಿಯಾದ ಮೇಲೆ ಹೆಚ್ಚುತ್ತ, ಎಕ್ಸಿಲೇಟರನ್ನು ಒತ್ತಿ ಬಿಡುವ ಸಂಧಿಯಲ್ಲಿ ಸ್ಪಷ್ಟವಾಗಿ ಗುದ್ದುವ ಸದ್ದು ಕನೆಕ್ಟಿಂಗ್ ರಾಡಿನ ಬೇರಿಂಗಿನದು. ಅದಕ್ಕಿಂತಲೂ ಮಂದವಾಗಿ, ಭಾರ ಎಳೆಯುವಾಗ ತಳದಿಂದ ಏಳುವ, ಕಾಲಿಗೇ ತಟ್ಟುವ ಬಡಿತ ಕ್ರ್ಯಾಂಕ್‌ಶಾಫ್ಟಿನ ಮುಖ್ಯ ಬೇರಿಂಗಿನದು. ಈ ಕೊನೆಯ ಎರಡರಲ್ಲಿ ತಡಮಾಡಿದಷ್ಟೂ ನಷ್ಟ ಬೆಳೆಯುತ್ತದೆ. ಬೇರಿಂಗು ಮಾತ್ರ ಹೋಗಿರುವಾಗ ಮುಗಿಯಬಹುದಾದ ಕೆಲಸ, ಶಾಫ್ಟು ಗೀಚಿದ ಮೇಲೆ ಮುಗಿಯುವುದಿಲ್ಲ.

ಯಾವ ಸಿಲಿಂಡರಿನಲ್ಲಿ ದೋಷವೆಂದು ಕಂಡುಹಿಡಿಯಲು ಮಿಸ್ತ್ರಿಗಳು ಒಂದೊಂದೇ ಪ್ಲಗ್ಗಿನ ತಂತಿಯನ್ನು ಬಿಡಿಸುತ್ತ ಹೋಗುತ್ತಾರೆ. ಆ ಸಿಲಿಂಡರಿನಲ್ಲಿ ಉರಿ ನಿಂತೊಡನೆ ಅದರ ರಾಡಿನ ಮೇಲಿನ ಒತ್ತಡ ಇಳಿದು ಬಡಿತ ಕಡಿಮೆಯಾಗುತ್ತದೆ, ಕಳ್ಳನು ಸಿಕ್ಕಿಬೀಳುತ್ತಾನೆ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿಕೊಂಡು ಕೇಳುವುದು ಇನ್ನೊಂದು ಉಪಾಯ. ವೈದ್ಯನ ಸ್ಟೆತೊಸ್ಕೋಪಿನಂತೆ ಅದು ಸದ್ದಿನ ಮೂಲವನ್ನು ತೋರಿಸುತ್ತದೆ. ಪ್ಲಗ್ಗಿನ ತಂತಿಯಲ್ಲಿ ಹರಿಯುವುದು ಸಾವಿರಾರು ವೋಲ್ಟಿನ ವಿದ್ಯುತ್ತು. ಪಕ್ಕದಲ್ಲಿ ತಿರುಗುವುದು ಪಂಖದ ರೆಕ್ಕೆ. ಆದುದರಿಂದ ಇವೆರಡೂ ಪಳಗಿದ ಕೈಗಳ ಕೆಲಸ. ನಾವು ಪಕ್ಕದಲ್ಲಿ ನಿಂತು, ಆ ಪರೀಕ್ಷೆ ನಡೆಯಿತೇ ಎಂದು ನೋಡಿಕೊಂಡರೆ ಸಾಕು.

ಎಂಜಿನಿನದಲ್ಲದ ಬಡಿತ

ಎಂಜಿನಿನ ಸದ್ದೆಂದು ತೋರುವ ಎಷ್ಟೋ ಸದ್ದುಗಳು ಎಂಜಿನಿನವೇ ಅಲ್ಲ. ಗಾಡಿ ನಿಂತಿರುವಾಗ ಎಂಜಿನಿನ ವೇಗವನ್ನು ಏರಿಸಿದರೂ ಕೇಳಿಸದೆ, ಘೋಡಬಂದರ್ ರಸ್ತೆಯ ಅಥವಾ ಶಿಳಫಾಟಾದ ಹೊಂಡಗಳಲ್ಲಿ ಮಾತ್ರ ‘ಕಟಕಟ’ ಎಂದರೆ ಅದು ಸಸ್ಪೆನ್ಷನ್ನಿನ ಸದ್ದು. ಗೇರು ಹಾಕಿ ಕ್ಲಚ್ಚು ಬಿಡುವಾಗ ಒಮ್ಮೆ ‘ಧಡ್’ ಎಂದರೆ ಎಂಜಿನನ್ನು ಹೊತ್ತಿರುವ ರಬ್ಬರಿನ ಮೌಂಟಿಂಗನ್ನು ನೋಡಬೇಕು. ಸೈಲೆನ್ಸರಿನ ಮೇಲಿನ ತಗಡು ಸಡಿಲವಾಗಿ ಬಡಿಯುವುದಂತೂ ನಿತ್ಯದ ಮಾತು.

ನಮ್ಮ ಹೋಟೆಲಿನಲ್ಲಿ ಬಹುಕಾಲ ದುಡಿದ ಕೆಲಸಗಾರನೊಬ್ಬನು, ಕೂಡಿಟ್ಟ ಹಣಕ್ಕೆ ಸಾಲವನ್ನೂ ಸೇರಿಸಿ ಹಳೆಯ ಮಾರುತಿ ಓಮ್ನಿ ವ್ಯಾನೊಂದನ್ನು ಕೊಂಡು, ಡೊಂಬಿವಲಿಯ ಎಂ.ಐ.ಡಿ.ಸಿ. ಕಾರ್ಖಾನೆಗಳಿಗೆ ಬೆಳಗಿನ ತಿಂಡಿಯನ್ನು ಒದಗಿಸತೊಡಗಿದನು. ಆ ವ್ಯಾನಿನಲ್ಲಿ ಎಂಜಿನ್ ಇರುವುದು ಮುಂದಿನ ಆಸನದ ಕೆಳಗೆ. ಸದ್ದು ಬಂದರೆ ಚಾಲಕನ ಮೈಗೇ ತಟ್ಟುತ್ತದೆ. ಕೆಲವು ತಿಂಗಳಲ್ಲಿ ‘ಟಕ್ ಟಕ್’ ಆರಂಭವಾಯಿತು. ಒಂದು ಗ್ಯಾರೇಜಿನವರು ಬಾನೆಟ್ಟಿನ ಬಳಿಗೂ ಬಾರದೆ, ದೂರದಿಂದಲೇ ಕೇಳಿ, “ಬೇರಿಂಗು ಹೋಗಿದೆ, ಪೂರ್ತಿ ಎಂಜಿನ್ ಕೆಲಸ” ಎಂದು ದೊಡ್ಡ ಮೊತ್ತವನ್ನು ಹೇಳಿದರು. ಹೆಂಡತಿಯ ಬಳೆಗಳನ್ನು ಅಡವಿಡುವುದೊಂದೇ ದಾರಿಯೆಂದು ಅವನು ನಮ್ಮಲ್ಲಿಗೆ ಬಂದನು. ಉಲ್ಲಾಸನಗರದ ಮುದಿ ಮಿಸ್ತ್ರಿಯೊಬ್ಬರಲ್ಲಿಗೆ ಅವನನ್ನು ಕಳುಹಿಸಿದೆವು.

ಆ ವೃದ್ಧರು ಐದು ನಿಮಿಷ ಸುಮ್ಮನೆ ಆಲಿಸಿದರು. ಅನಂತರ ಎಂಜಿನ್ ಆರಿಸಿ, ಫ್ಯಾನ್ ಬೆಲ್ಟನ್ನು ಕಳಚಿ, ಪುನಃ ಕೆಲವೇ ಸೆಕೆಂಡು ಚಾಲು ಮಾಡಿದರು. ಬಡಿತ ಇರಲಿಲ್ಲ. “ಅಣ್ಣಾ, ಎಂಜಿನ್ ಚೆನ್ನಾಗಿದೆ. ರೋಗ ಹೊರಗಿದೆ,” ಎಂದರು. ಆಲ್ಟರ್ನೇಟರಿನ ಪುಲ್ಲಿಯ ನಟ್ಟು ಸಡಿಲಗೊಂಡು, ಪುಲ್ಲಿಯು ತನ್ನ ಶಾಫ್ಟಿನ ಮೇಲೆ ಬಡಿಯುತ್ತಿತ್ತು. ನಟ್ಟನ್ನೂ ಬೆಲ್ಟನ್ನೂ ಬದಲಾಯಿಸಿದ್ದಕ್ಕೆ ತಗಲಿದ ವೆಚ್ಚ ಒಂದು ದಿನದ ತಿಂಡಿಯ ವ್ಯಾಪಾರಕ್ಕಿಂತ ಕಡಿಮೆ. ಬಳೆಗಳು ಕೈಯಲ್ಲಿಯೇ ಉಳಿದವು. ಗುಡ್ಡ ಅಗೆದು ಇಲಿ ಹಿಡಿಯುವುದೆಂದರೆ ಇದೇ. ಬೆಲ್ಟು ಕಳಚಿದಾಗ ನೀರಿನ ಪಂಪೂ ನಿಲ್ಲುವುದರಿಂದ ಈ ಪರೀಕ್ಷೆಯನ್ನು ಒಂದು ನಿಮಿಷಕ್ಕೂ ಮಿಗಿಲಾಗಿ ನಡೆಸಬಾರದು. ಒಂದೇ ಬೆಲ್ಟಿನಿಂದ ಕ್ಯಾಮ್‌ಶಾಫ್ಟನ್ನು ಓಡಿಸುವ ಟೈಮಿಂಗ್ ಬೆಲ್ಟಿಗಂತೂ ಕೈ ಹಚ್ಚಲೇಬಾರದು.

ನೆರೆಯ ನೀರು ಮತ್ತು ಬಾಗಿದ ರಾಡು

ನಮ್ಮ ಭಾಗದಲ್ಲಿ ಎಂಜಿನಿನ ಬಡಿತಕ್ಕೆ ಇನ್ನೊಂದು ಕಾರಣವಿದೆ, ಅದು ಮಳೆಗಾಲ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದೊಳಗೆ ೯೪೪ ಮಿಲಿಮೀಟರ್ ಮಳೆ ಸುರಿದುದನ್ನೂ, ಉಲ್ಹಾಸ ನದಿ ಉಕ್ಕಿ ಬದಲಾಪುರ, ಕಲ್ಯಾಣಗಳು ಜಲಾವೃತವಾದುದನ್ನೂ ಯಾರೂ ಮರೆತಿರಲಾರರು. ಅಂತಹ ನೀರಿನಲ್ಲಿ ಗಾಡಿ ಓಡಿಸಿದರೆ ಗಾಳಿಯ ಕೊಳವೆಯ ಮೂಲಕ ನೀರು ಸಿಲಿಂಡರನ್ನು ಸೇರುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಮೇಲೇರುವ ಪಿಸ್ಟನ್ ನೀರಿಗೆ ಢಿಕ್ಕಿ ಹೊಡೆದು ಕನೆಕ್ಟಿಂಗ್ ರಾಡು ಬಾಗುತ್ತದೆ. ಅನಂತರ ಗಾಡಿ ಚಾಲೂ ಆದರೂ ಬಡಿತ ಶಾಶ್ವತವಾಗುತ್ತದೆ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಕೀಲಿಯನ್ನು ಮತ್ತೆ ತಿರುಗಿಸಲೇಬಾರದು. ಗಾಡಿಯನ್ನು ತಳ್ಳಿ ಒಣನೆಲಕ್ಕೆ ಒಯ್ದು, ಮಿಸ್ತ್ರಿಯಿಂದ ಪ್ಲಗ್ಗುಗಳನ್ನು ಬಿಚ್ಚಿಸಿ ನೀರನ್ನು ಹೊರಹಾಕಿಸಬೇಕು; ಎಣ್ಣೆಯಲ್ಲಿ ನೀರು ಬೆರೆತಿದ್ದರೆ ಅದನ್ನೂ ಬದಲಾಯಿಸಬೇಕು. ತಾಳ್ಮೆಗೆಟ್ಟು ಕೀಲಿ ತಿರುಗಿಸಿದ ಆ ಒಂದು ಕ್ಷಣವೇ ಎಷ್ಟೋ ಗಾಡಿಗಳ ಆಯುಷ್ಯವನ್ನು ಮುಗಿಸಿದೆ.

ಹಳೆಯ ಗಾಡಿ ಕೊಳ್ಳುವವರಿಗೆ

ನೆರೆಯಲ್ಲಿ ಮುಳುಗಿದ ಗಾಡಿಗಳೂ, ಬೇರಿಂಗು ಸವೆದ ಗಾಡಿಗಳೂ ಬಣ್ಣ ಹೊದ್ದು ಮಾರುಕಟ್ಟೆಗೆ ಬರುತ್ತವೆ. ಬಡಿತವನ್ನು ಕೆಲವು ದಿನ ಅಡಗಿಸಲು ದಪ್ಪನೆಯ ಎಣ್ಣೆಯನ್ನು ಸುರಿಯುವ ಕೈಚಳಕವೂ ಉಂಟು. ಆದುದರಿಂದ ಗಾಡಿಯನ್ನು ನೋಡಲು ಬೆಳಿಗ್ಗೆಯೇ, ಮಾರುವವನು ಅದನ್ನು ಬಿಸಿ ಮಾಡಿಡುವ ಮೊದಲೇ ಹೋಗತಕ್ಕದ್ದು. ಬಾನೆಟ್ಟಿನ ಮೇಲೆ ಕೈಯಿಟ್ಟು ತಣ್ಣಗಿದೆಯೇ ನೋಡಿ. ರೇಡಿಯೋ ಹಾಡುತ್ತಿದ್ದರೆ ನಿಲ್ಲಿಸಲು ಹೇಳಿ. ಕೀಲಿ ತಿರುಗಿಸಿದಾಗ ಎಣ್ಣೆಯ ಕೆಂಪು ದೀಪ ಹೊತ್ತಿ, ಎಂಜಿನ್ ಚಾಲೂ ಆದೊಡನೆ ಆರಬೇಕು. ದೀಪ ಹೊತ್ತುವುದೇ ಇಲ್ಲವೆಂದಾದರೆ ಅದರ ತಂತಿಯನ್ನು ಯಾರೋ ಕಿತ್ತಿರುವ ಸಂಭವವುಂಟು. ಆಮೇಲೆ ಅರ್ಧ ಗಂಟೆ ಓಡಿಸಿ, ಬಿಸಿಯಾದ ಎಂಜಿನನ್ನು ಮತ್ತೊಮ್ಮೆ ಆಲಿಸಿ. ತಣ್ಣಗಿರುವಾಗಿನ ಸದ್ದು ಒಂದು ಕಥೆ ಹೇಳಿದರೆ, ಬಿಸಿಯಾದ ಮೇಲಿನ ಸದ್ದು ಇನ್ನೊಂದನ್ನು ಹೇಳುತ್ತದೆ. ಎರಡನ್ನೂ ಕೇಳದೆ ಮುಂಗಡ ಕೊಡಬಾರದು.

ಗ್ಯಾರೇಜಿನಲ್ಲಿ ಕೇಳಬೇಕಾದ ಮಾತು

ಮಿಸ್ತ್ರಿಗಳೆಲ್ಲರೂ ಮೋಸಗಾರರೆಂದು ನಾವು ಹೇಳುವುದಿಲ್ಲ. ಬಿಸಿಲಿನಲ್ಲಿ ಗಾಡಿಯ ಅಡಿಯಲ್ಲಿ ಮಲಗಿ ದುಡಿಯುವ ಅವರೂ ನಮ್ಮಂತೆಯೇ ಬೆವರಿನ ಅನ್ನ ಉಣ್ಣುವವರು. ಗಿರಾಕಿಯು ವಿವೇಕದಿಂದ ಪ್ರಶ್ನೆ ಕೇಳಿದರೆ ಒಳ್ಳೆಯ ಮಿಸ್ತ್ರಿಗೆ ಸಂತೋಷವೇ ಆಗುತ್ತದೆ. “ಬೇರಿಂಗು ಹೋಗಿದೆಯೆಂಬುದಕ್ಕೆ ಆಧಾರವೇನು? ಎಣ್ಣೆಯ ಒತ್ತಡವನ್ನು ಗೇಜು ಹಚ್ಚಿ ಅಳೆದಿರಾ? ಎಣ್ಣೆ ಇಳಿಸಿದಾಗ ಲೋಹದ ಹೊಳೆಯುವ ಚೂರುಗಳು ಕಂಡವೇ? ಬೆಲ್ಟು ಕಳಚಿ ನೋಡಿದಿರಾ?” ಎಂದು ಸಮಾಧಾನದಿಂದ ಕೇಳಬೇಕು. ಎಣ್ಣೆಯ ಫಿಲ್ಟರನ್ನು ಕತ್ತರಿಸಿ ನೋಡಿದರೂ ಬೇರಿಂಗಿನ ಪುಡಿ ಇದ್ದರೆ ಕಾಣುತ್ತದೆ. ಈ ಸಾಕ್ಷಿಗಳು ಇದ್ದರೆ ಎಂಜಿನ್ ಬಿಚ್ಚಲು ಹಿಂಜರಿಯಬಾರದು; ಇಲ್ಲದಿದ್ದರೆ ಬಿಚ್ಚಲು ಒಪ್ಪಬಾರದು. ಒಪ್ಪಿದ ಮೇಲೆ ಅಂದಾಜು ಖರ್ಚನ್ನು ಬರೆಯಿಸಿಕೊಳ್ಳಿ. ತೆಗೆದ ಹಳೆಯ ಬಿಡಿಭಾಗಗಳನ್ನು ಮರಳಿ ಕೇಳಿ ಪಡೆಯಿರಿ. ಸವೆದ ಬೇರಿಂಗನ್ನು ಕಣ್ಣಾರೆ ಕಂಡವನಿಗೆ ಕೊಟ್ಟ ಹಣ ಭಾರವೆನಿಸುವುದಿಲ್ಲ.

ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂಬುದು ನಮ್ಮ ಹಿರಿಯರ ಮಾತು. ಎಂಜಿನಿನ ವಿಷಯದಲ್ಲಿ ಅದರ ಕ್ರಮವೂ ಸ್ಪಷ್ಟ: ಮೊದಲು ಎಣ್ಣೆಯ ಕಡ್ಡಿ ಮತ್ತು ಕೆಂಪು ದೀಪ, ಅನಂತರ ಇಂಧನ, ಅನಂತರ ಬೆಲ್ಟು ಹಾಗೂ ಹೊರಗಿನ ನಟ್ಟು ಬೋಲ್ಟುಗಳು, ಅನಂತರ ಟ್ಯಾಪೆಟ್ಟು, ಎಲ್ಲಕ್ಕೂ ಕೊನೆಯಲ್ಲಿ ಎಂಜಿನಿನ ಒಡಲು. ಚೌತಿಗೋ ಮೇ ತಿಂಗಳ ರಜೆಗೋ ಕುಟುಂಬಸಮೇತ ಕಶೇಡಿ ಘಾಟಿಯ ದಾರಿಯಾಗಿ ಉಡುಪಿ ಮಂಗಳೂರುಗಳಿಗೆ ಹೊರಡುವ ಬಂಧುಗಳು, ಹೊರಡುವ ಹಿಂದಿನ ದಿನವಲ್ಲ, ಹಿಂದಿನ ವಾರವೇ ಈ ಕ್ರಮದಲ್ಲಿ ಒಮ್ಮೆ ನೋಡಿಕೊಳ್ಳಲಿ. ಮನೆಯ ಅಂಗಳದಲ್ಲಿ ಕೇಳಿಸಿಕೊಂಡ ಸದ್ದಿಗೆ ಐದು ನಿಮಿಷ ಸಾಕು. ಅದೇ ಸದ್ದು ನಡುರಾತ್ರಿ ಘಾಟಿಯಲ್ಲಿ, ಹಿಂದಿನ ಆಸನದಲ್ಲಿ ಮಕ್ಕಳು ನಿದ್ರಿಸುತ್ತಿರುವಾಗ ಕೇಳಿಸಿದರೆ ಅದಕ್ಕೆ ತೆರಬೇಕಾದ ಬೆಲೆಯೇ ಬೇರೆ.